ಮೀಟರ್ 17 ಅನ್ನುತ್ತದೆ, ಪ್ಲಗ್ ಕಪ್ಪಾಗಿದೆ. ಯಾವುದನ್ನು ನಂಬಲಿ?

ನೀವು ಕೇಳಿದ್ದು ಇಷ್ಟು: ಕಾರವಾರದಲ್ಲಿ ಓಡಿಸುವ ಹಳೆ 350 ಸಿಸಿ ಕಾರ್ಬುರೇಟರ್ ಬೈಕಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿದ್ದೀರಿ. ಸ್ಲೋದಲ್ಲಿ (ಆಕ್ಸಿಲರೇಟರ್ ಕೊಡದೆ ಎಂಜಿನ್ ಓಡುವಾಗ) ಮೀಟರ್ 17 ತೋರಿಸುತ್ತದೆ, ಅಂದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 17 ಪಾಲು ಗಾಳಿ, ಪೆಟ್ರೋಲ್ ಕಮ್ಮಿ. ಪೈಲಟ್ ಜೆಟ್ (ಸ್ಲೋದಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗ) ದೊಡ್ಡದು ಹಾಕಿದರೂ ಇಳಿಯುತ್ತಿಲ್ಲ, ಪ್ಲಗ್ ನೋಡಿದರೆ ಮಸಿ, ಅಂದರೆ ಪೆಟ್ರೋಲ್ ಜಾಸ್ತಿ. ಸೆನ್ಸರ್ ಹೋಗಿದೆಯಾ?

ಸದ್ಯಕ್ಕೆ ಪ್ಲಗ್ಗನ್ನು ನಂಬಿ. ಹಳೆ ಜೆಟ್ಟನ್ನೇ ವಾಪಸ್ ಹಾಕಿ. ಸೆನ್ಸರ್ ಬಹುಶಃ ಸರಿಯಾಗಿಯೇ ಇದೆ.

ಸೆನ್ಸರ್ ಎಂಜಿನ್ನಿಗೆ ಹೋದ ಪೆಟ್ರೋಲನ್ನು ನೋಡುವುದಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುತ್ತದೆ. ಮಿಶ್ರಣ ತೀರಾ ರಿಚ್ (ಪೆಟ್ರೋಲ್ ಜಾಸ್ತಿ) ಆಗಿ ಮಿಸ್ಸಿಂಗ್ ಹೊಡೆದರೆ, ಅಂದರೆ ಒಂದು ಸುತ್ತು ಉರಿಯದೆ ಹೋದರೆ, ಆ ಸುತ್ತಿನ ಗಾಳಿ ಸುಡದೆ ಹಾಗೇ ಹೊರಬರುತ್ತದೆ. ಮೀಟರ್ ಅದನ್ನು ಲೀನ್ (ಪೆಟ್ರೋಲ್ ಕಮ್ಮಿ) ಅಂತ ಓದುತ್ತದೆ. ನೀವು ಜೆಟ್ ದೊಡ್ಡದು ಮಾಡಿದಷ್ಟೂ ಮಿಸ್ಸಿಂಗ್ ಜಾಸ್ತಿ, ಅಂಕಿಯೂ ಮೇಲೆ.

ಇನ್ನೊಂದು ಕಾರಣ ಸೈಲೆನ್ಸರ್ ಲೀಕ್. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಪೈಪಿನ ಜಾಯಿಂಟ್ ಬೇಗ ತುಕ್ಕು ಹಿಡಿಯುತ್ತದೆ, ಅಲ್ವಾ? ಹೊಗೆ ಒಂದು ಸಲ ನುಗ್ಗಿದ ಮೇಲೆ ಪೈಪಿನೊಳಗೆ ಕ್ಷಣಕಾಲ ಎಳೆತ ಹುಟ್ಟುತ್ತದೆ. ಆಗ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಎಂಜಿನ್ ತಣ್ಣಗಿರುವಾಗ ಜಾಯಿಂಟಿಗೆ ಸೋಪಿನ ನೀರು ಹಚ್ಚಿ, ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಒಂದು ಕ್ಷಣ ಒತ್ತಿ ಹಿಡಿಯಿರಿ. ಗುಳ್ಳೆ ಎದ್ದರೆ ಲೀಕ್ ಅಲ್ಲೇ. ಒಂದೇ ಸಿಲಿಂಡರ್, ಗಿಡ್ಡ ಸೈಲೆನ್ಸರ್ ಆದರೆ ಬಾಯಿಂದಲೇ ಗಾಳಿ ಹಿಂದೆ ಬರುತ್ತದೆ. ಅಂಥ ಬೈಕಿನಲ್ಲಿ ಸ್ಲೋದ ಅಂಕಿಗೆ ಬೆಲೆ ಕೊಡಬೇಡಿ. ಮಿಕ್ಸ್ಚರ್ ಸ್ಕ್ರೂ ತಿರುಗಿಸಿ, ಎಂಜಿನ್ ಎಲ್ಲಿ ಚೆನ್ನಾಗಿ ಏರುತ್ತದೋ ಅಲ್ಲಿ ಬಿಡಿ. ಮೀಟರ್ ಬೇಕಾಗುವುದು ಲೋಡ್ ಬಿದ್ದಾಗ.

ಮೀಟರಿನಲ್ಲಿ ಲ್ಯಾಂಬ್ಡಾ ಆಯ್ಕೆ ಇದ್ದರೆ ಅದಕ್ಕೇ ಬದಲಿಸಿ. ಒಂದು ಪಾಲು ಇಂಧನ ಸರಿಯಾಗಿ ಸುಡಲು 14.7 ಪಾಲು ಗಾಳಿ ಅನ್ನುವುದು ಎಥನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ. ಈಗ ಬಂಕಿನಲ್ಲಿ ಸಿಗುವ ಇ20ಗೆ (ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್) ಅದು ಸುಮಾರು 13.5. ಆದರೂ ಮೀಟರ್ ಹಳೆ ಲೆಕ್ಕದಲ್ಲೇ ಅಂಕಿ ತೋರಿಸುತ್ತಿರುತ್ತದೆ. ಲ್ಯಾಂಬ್ಡಾ 1 ಅಂದರೆ ಯಾವ ಇಂಧನಕ್ಕೂ ಗಾಳಿ-ಪೆಟ್ರೋಲ್ ಸರಿಸಮ, ಅದಕ್ಕಿಂತ ಕಮ್ಮಿ ಅಂದರೆ ರಿಚ್. ಫುಲ್ ಥ್ರಾಟಲ್‌ಗೆ 0.86ರಿಂದ 0.88ರ ಹತ್ತಿರ ನಾನು ಇಡುತ್ತೇನೆ, ಗಾಳಿಯಿಂದ ತಣಿಯುವ ಎಂಜಿನ್ನಿಗೆ ಅದು ಹಿತ.

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವವರಾದರೆ ಇನ್ನೊಂದು ಮಾತು. ಶಿರಸಿ ಸುಮಾರು 600 ಮೀಟರ್ ಎತ್ತರ. ಅಲ್ಲಿ ಗಾಳಿ ತೆಳು, ಕಾರ್ಬುರೇಟರ್ ನೂರಕ್ಕೆ ಮೂರರಷ್ಟು ರಿಚ್ ಆಗುತ್ತದೆ. ಆದ್ದರಿಂದ ಕೆಳಗೆ ಸೆಟ್ ಮಾಡಿದ ಬೈಕನ್ನು ಮೇಲೆ ಹಾಗೇ ಓಡಿಸಬಹುದು. ಮೇಲೆ ಸೆಟ್ ಮಾಡಿ ಕೆಳಗಿಳಿದರೆ ಲೀನ್ ಆಗುತ್ತದೆ, ಅದು ಅಪಾಯ. ಮತ್ತೆ ಮಾರಾಯ್ರೇ, ತಿರುವಿನಲ್ಲಿ ಮೀಟರ್ ನೋಡಬೇಡಿ. ರೆಕಾರ್ಡ್ ಮಾಡಿ, ಮನೆಗೆ ಬಂದು ನೋಡಿ.

ಮಳೆಗಾಲದಲ್ಲಿ ಸೆನ್ಸರ್ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಬಾಷ್ ಎಲ್‌ಎಸ್‌ಯು 4.9 ಅನ್ನುವ ವೈಡ್‌ಬ್ಯಾಂಡ್ ಸೆನ್ಸರ್ ಒಳಗೆ ಸುಮಾರು 780 ಡಿಗ್ರಿಗೆ ಕಾಯುತ್ತದೆ. ಪೈಪಿನೊಳಗಿನ ನೀರಿನ ಹನಿ ತಾಗಿದರೆ ಸೆರಾಮಿಕ್ ಸೀಳುತ್ತದೆ. ಸೆನ್ಸರಿನ ತಲೆ ಮೇಲಿರಲಿ, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಓರೆಯಾಗಿ. ಎಂಜಿನ್ ಓಡುವಾಗ ಹೀಟರ್ ಆಫ್ ಮಾಡಿ ಸೆನ್ಸರ್ ಪೈಪಿನಲ್ಲಿ ಸುಮ್ನೆ ಬಿಟ್ಟರೂ ಮಸಿ ಕಟ್ಟಿ ಹಾಳಾಗುತ್ತದೆ. ಟ್ಯೂನಿಂಗ್ ಮುಗಿದರೆ ಅದನ್ನು ಬಿಚ್ಚಿ, ಆ ಜಾಗಕ್ಕೆ ಬೋಲ್ಟ್ ಹಾಕಿ ಮುಚ್ಚಿ.