ಮಗು ಇನ್ನೂ ಮಾತಾಡುತ್ತಿಲ್ಲ ಅಂದರೆ ಯಾರನ್ನು ಕೇಳಬೇಕು? ಮೆಲ್ಬರ್ನ್‌ಗೆ ಹೊಸದಾಗಿ ಬಂದ ತಾಯಿಗೆ

ನಿನ್ನ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಮೆಲ್ಬರ್ನ್‌ನ ಟಾರ್ನೀಟ್ ಬಡಾವಣೆಗೆ ಬಂದು ಕೆಲವೇ ತಿಂಗಳಾಗಿದೆ. ಗಂಡನದು ತಾತ್ಕಾಲಿಕ ಕೆಲಸದ ವೀಸಾ, ಮೆಡಿಕೇರ್ (ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಇಲ್ಲ. ಮಗನಿಗೆ ಒಂದೂವರೆ ವರ್ಷ ಆಗುತ್ತಾ ಬಂತು, ‘ಅಮ್ಮ’ ಬಿಟ್ಟು ಬೇರೆ ಮಾತಿಲ್ಲ. ಇದನ್ನು ಇಲ್ಲಿ ಯಾರಿಗೆ ಹೇಳುವುದು, ಹೇಳಿದರೆ ಮುಂದೆ ಪಿಆರ್‌ಗೆ (ಕಾಯಂ ವಾಸದ ವೀಸಾಗೆ) ತೊಂದರೆ ಆಗುತ್ತಾ ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯಲ್ಲ, ಅದಕ್ಕೆ ನಾನೂ ಸಲಿಗೆಯಿಂದಲೇ ಬರೆಯುತ್ತೇನೆ.

ಮೊದಲು ಮಾಡಬೇಕಾದದ್ದು ಒಂದೇ. ನಾಳೆಯೇ ನಿಮ್ಮ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ಫೋನ್ ಮಾಡು. ನಿಮಗೆ ವಿಂಡಮ್ ಕೌನ್ಸಿಲ್ ಬರುತ್ತದೆ. ‘ಮೆಟರ್ನಲ್ ಅಂಡ್ ಚೈಲ್ಡ್ ಹೆಲ್ತ್’ (ತಾಯಿ-ಮಕ್ಕಳ ಆರೋಗ್ಯ ಸೇವೆ) ಬೇಕು ಅಂತ ಹೇಳು. ವಿದೇಶದಿಂದ ಬಂದಿದ್ದೇವೆ, ಮಗುವಿನ ಹೆಸರು ನೋಂದಾಯಿಸಬೇಕು, 18 ತಿಂಗಳ ತಪಾಸಣೆಗೆ ಸಮಯ ಬೇಕು ಅಂದರೆ ಸಾಕು.

ನೀನೇ ಯಾಕೆ ಫೋನ್ ಮಾಡಬೇಕು ಅಂದರೆ, ನಮ್ಮ ಈ ವಿಕ್ಟೋರಿಯಾ ರಾಜ್ಯದಲ್ಲಿ ಮಗು ಹುಟ್ಟಿದಾಗ ಆಸ್ಪತ್ರೆಯೇ ಕೌನ್ಸಿಲ್‌ಗೆ ತಿಳಿಸುತ್ತದೆ. ಅದು ಕಾನೂನು. ಸ್ವಲ್ಪ ದಿನದಲ್ಲೇ ನರ್ಸ್ ಮನೆ ಬಾಗಿಲಿಗೆ ಬರುತ್ತಾಳೆ. ಆದರೆ ನಿನ್ನ ಮಗ ಹುಟ್ಟಿದ್ದು ದಾವಣಗೆರೆಯಲ್ಲಿ. ಅವನು ಇಲ್ಲಿದ್ದಾನೆ ಅನ್ನುವುದೇ ಕೌನ್ಸಿಲ್‌ಗೆ ಗೊತ್ತಿಲ್ಲ. ನಮ್ಮವರಲ್ಲಿ ಎಷ್ಟೋ ಮನೆಗಳು ತಪ್ಪಿಹೋಗುವುದು ಇಲ್ಲೇ. ಯಾರೂ ಬರಲಿಲ್ಲ, ಹಾಗಾದರೆ ನಮಗೆ ಇದು ಸಿಗುವುದಿಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಹಾಗಲ್ಲ. ಹುಟ್ಟಿದಾಗಿನಿಂದ ಶಾಲೆಗೆ ಸೇರುವವರೆಗೆ ವಿಕ್ಟೋರಿಯಾದ ಎಲ್ಲ ಮಕ್ಕಳಿಗೂ ಈ ಸೇವೆ ಉಚಿತ. ಮೆಡಿಕೇರ್ ಕಾರ್ಡ್ ಬೇಕಿಲ್ಲ.

ಊರಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ತೂಕ, ಲಸಿಕೆ ಅಂತ ವಿಚಾರಿಸುತ್ತಿದ್ದಳಲ್ಲ, ಆ ಸಲಿಗೆ ಇಲ್ಲಿನ ನರ್ಸ್‌ಗಳಲ್ಲೂ ಇದೆ. ಓದು ಮಾತ್ರ ಜಾಸ್ತಿ. ನರ್ಸಿಂಗ್, ಸೂಲಗಿತ್ತಿ ತರಬೇತಿ ಎರಡೂ ಆದ ಮೇಲೆ ಮಕ್ಕಳ ಆರೋಗ್ಯದಲ್ಲಿ ಬೇರೆಯದೇ ಓದು ಮುಗಿಸಿರುತ್ತಾರೆ. ಮಗುವಿಗೆ ಮೂರೂವರೆ ವರ್ಷ ಆಗುವಷ್ಟರಲ್ಲಿ ಒಟ್ಟು 10 ಭೇಟಿ. ಮೊದಲನೆಯದು ಮನೆಯಲ್ಲಿ, ಉಳಿದವು ಸಾಮಾನ್ಯವಾಗಿ ಹತ್ತಿರದ ಸೆಂಟರ್‌ನಲ್ಲಿ. ಮೆಲ್ಬರ್ನ್‌ನ ರಿಚ್ಮಂಡ್‌ನಲ್ಲಿ 1917ರಲ್ಲಿ ಮೊದಲ ಸೆಂಟರ್ ತೆರೆದರು. ಈಗ ರಾಜ್ಯದ 79 ಕೌನ್ಸಿಲ್‌ಗಳಲ್ಲೂ ಇದೆ. ಹೋಗುವಾಗ ತಾಯಿ ಕಾರ್ಡ್ ಮತ್ತು ಲಸಿಕೆಯ ದಾಖಲೆ ತೆಗೆದುಕೊಂಡು ಹೋಗು. ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲದ ಚಿಕನ್‌ಪಾಕ್ಸ್, ಮೆನಿಂಗೊಕಾಕಲ್ ಲಸಿಕೆ ಇಲ್ಲಿನ ಪಟ್ಟಿಯಲ್ಲಿವೆ. ಲಸಿಕೆಯ ದಾಖಲೆ ಸರಿಯಿಲ್ಲದಿದ್ದರೆ ಮುಂದೆ ಚೈಲ್ಡ್‌ಕೇರ್, ಕಿಂಡರ್ (ಶಾಲೆಗೆ ಮುಂಚಿನ ಶಿಶುವಿಹಾರ) ಸೇರಿಸುವಾಗ ಅಡ್ಡಿಯಾಗುತ್ತದೆ. 2016ರಿಂದ ಇಲ್ಲಿ ಆ ನಿಯಮ ಇದೆ.

ಇನ್ನು ಮಾತಿನ ವಿಷಯ. ನನ್ನ ಚಿಕ್ಕ ಮಗನದ್ದೂ ಇದೇ ಕತೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಊರಿಗೆ ಫೋನ್ ಮಾಡಿದರೆ ಎಲ್ಲರದೂ ಒಂದೇ ಸಮಾಧಾನ. ಗಂಡು ಮಕ್ಕಳು ಮಾತು ತಡ, ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. 18 ತಿಂಗಳ ಭೇಟಿಯಲ್ಲಿ ನರ್ಸ್ ಅವನ ಜೊತೆ ನೆಲದ ಮೇಲೆ ಕೂತು ಆಡಿದಳು. ಅವಳು ನೋಡಿದ್ದು ಬರೀ ಎಷ್ಟು ಮಾತು ಬರುತ್ತದೆ ಅಂತ ಅಲ್ಲ. ಹೆಸರು ಕರೆದರೆ ತಿರುಗುತ್ತಾನಾ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ, ಟಾಟಾ ಮಾಡುತ್ತಾನಾ, ಇವನ್ನೆಲ್ಲ ನೋಡಿದಳು. ಆಟಿಸಂ ಲಕ್ಷಣಗಳನ್ನು ಬೇಗ ಗುರುತಿಸಲು ಲಾ ಟ್ರೋಬ್ ವಿಶ್ವವಿದ್ಯಾಲಯದವರು ಒಂದು ಕ್ರಮ ರೂಪಿಸಿದ್ದಾರೆ. ಈಗ ಇಲ್ಲಿನ ನರ್ಸ್‌ಗಳಿಗೆ ಅದರ ತರಬೇತಿಯೂ ಇದೆ. ನನ್ನ ಮಗ ಬೆರಳು ಮಾಡಿ ತೋರಿಸುತ್ತಿದ್ದ, ನಗುತ್ತಿದ್ದ, ಆದರೆ ಕರೆದಾಗ ತಿರುಗುತ್ತಿರಲಿಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದಳು. ಕಿವಿಯೊಳಗೆ ಅಂಟು ನೀರು ತುಂಬಿಕೊಂಡಿತ್ತು. ಅವನಿಗೆ ನಮ್ಮ ಮಾತೇ ಸರಿಯಾಗಿ ಕೇಳಿಸುತ್ತಿರಲಿಲ್ಲ! ಚಿಕ್ಕ ಆಪರೇಷನ್ ಮಾಡಿ ಕಿವಿಗೆ ಪುಟ್ಟ ಕೊಳವೆ ಇಟ್ಟರು. ಆಮೇಲೆ ನಿಧಾನವಾಗಿ ಮಾತು ಬಂತು.

ನಿನ್ನ ಮಗನದ್ದೂ ಕಿವಿಯದ್ದೇ ಅಂತ ನಾನು ಹೇಳುತ್ತಿಲ್ಲ. ಕಾರಣ ಬೇರೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಆದರೆ ಅದನ್ನು ತಿಳಿದುಕೊಳ್ಳುವ ವಯಸ್ಸು ಇದೇ. ಎಳೆ ವಯಸ್ಸಲ್ಲಿ ಕೊಟ್ಟ ಸಹಾಯ ಹಿಡಿಯುವಷ್ಟು ಚೆನ್ನಾಗಿ ನಾಲ್ಕೈದು ವರ್ಷಕ್ಕೆ ಕೊಟ್ಟದ್ದು ಹಿಡಿಯುವುದಿಲ್ಲ. ನೋಡೋಣ ನೋಡೋಣ ಅಂತ ಒಂದು ವರ್ಷ ಕಳೆದರೆ ಅದು ಮಗುವಿನ ವರ್ಷ.

ಇನ್ನೊಂದು ಮಾತು. ಮನೆಯಲ್ಲಿ ಕನ್ನಡ ಆಡುವುದರಿಂದ ಮಗುವಿಗೆ ಗೊಂದಲ ಆಗಿ ಮಾತು ತಡವಾಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ನಿನಗೆ ಸಲೀಸಾಗಿ ಬರುವ ಭಾಷೆಯಲ್ಲೇ ಅವನ ಜೊತೆ ಬಾಯ್ತುಂಬಾ ಮಾತಾಡು. ಭೇಟಿಗೆ ದುಭಾಷಿ ಬೇಕಿದ್ದರೆ ಸಮಯ ಗೊತ್ತು ಮಾಡುವಾಗಲೇ ಕನ್ನಡ ದುಭಾಷಿಯನ್ನು ಕೇಳು, ನೀನು ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್ ಚೆನ್ನಾಗಿ ಬಂದರೂ ಮಗುವಿನ ವಿಷಯ ಹೇಳುವಾಗ ಎಷ್ಟೋ ಮಾತು ಗಂಟಲಲ್ಲೇ ಉಳಿಯುತ್ತದೆ, ಅಲ್ವಾ?

ಈಗ ನಿನ್ನ ಭಯದ ವಿಷಯಕ್ಕೆ ಬರುತ್ತೇನೆ. ಪಿಆರ್ ಅರ್ಜಿಗೆ ಆರೋಗ್ಯ ತಪಾಸಣೆ ಇರುವುದು ನಿಜ. ಕುಟುಂಬದಲ್ಲಿ ಒಬ್ಬರ ಚಿಕಿತ್ಸೆಗೆ, ನೆರವಿಗೆ ಸರ್ಕಾರಕ್ಕೆ ಎಷ್ಟು ಖರ್ಚಾಗಬಹುದು ಅಂತ ಲೆಕ್ಕ ಹಾಕುತ್ತಾರೆ, ಅದು ಒಂದು ಮಿತಿ ದಾಟಿದರೆ ಅರ್ಜಿಗೆ ತೊಡಕಾಗುತ್ತದೆ. ಅಂಗವೈಕಲ್ಯ ಇರುವ ಮಕ್ಕಳ ಕುಟುಂಬಗಳಿಗೆ ಇದರಿಂದ ನಿಜಕ್ಕೂ ಕಷ್ಟ ಆಗಿದೆ, ಮತ್ತು ಅದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ. 2024ರಲ್ಲಿ ಆ ಖರ್ಚಿನ ಮಿತಿಯನ್ನು 86,000 ಡಾಲರ್‌ಗೆ ಏರಿಸಿದ್ದಾರೆ. ಆದರೆ ಮಾತು ತಡ ಅನ್ನುವುದೇ ಒಂದು ಕಾಯಿಲೆ ಅಲ್ಲ. ಕೌನ್ಸಿಲ್ ನರ್ಸ್‌ನ ಕೆಲಸ ಮಗುವಿನ ಬೆಳವಣಿಗೆ ನೋಡುವುದು, ವೀಸಾ ನೋಡುವುದಲ್ಲ. ವೀಸಾಗೆ ಆರೋಗ್ಯ ತಪಾಸಣೆ ಮಾಡುವವರು ವೀಸಾ ಕೊಡುವ ಇಲಾಖೆ ಗೊತ್ತು ಮಾಡಿದ ಬೇರೆ ಡಾಕ್ಟರುಗಳು. ಅಲ್ಲಿ ಕೇಳಿದ ಪ್ರಶ್ನೆಗೆ ನಿಜವನ್ನೇ ಹೇಳಬೇಕು. ಮುಂದೆ ಮಗನಿಗೆ ಏನಾದರೂ ಇದೆ ಅಂತ ಗೊತ್ತಾದರೆ ಆಗ ನೋಂದಾಯಿತ ಮೈಗ್ರೇಷನ್ ಏಜೆಂಟ್ ಹತ್ತಿರ ದುಡ್ಡು ಕೊಟ್ಟಾದರೂ ಸಲಹೆ ತೆಗೆದುಕೋ. ವಾಟ್ಸಾಪ್ ಗುಂಪಿನ ಮಾತು ಕೇಳಿ ತಪಾಸಣೆ ಮುಂದೂಡಬೇಡ. ಮುಂದೂಡಿದರೆ ಇರುವ ತೊಂದರೆ ಮಾಯವಾಗುವುದಿಲ್ಲ, ಬೆಳೆಯುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ ಅನ್ನುವ ಭಯವೂ ನಮ್ಮಲ್ಲಿ ತುಂಬಾ ಇದೆ. ನಾರ್ವೆಯಲ್ಲಿ ಭಾರತೀಯ ದಂಪತಿಯ ಮಕ್ಕಳನ್ನು ಕರೆದೊಯ್ದ ಸುದ್ದಿ ಕೇಳಿದವರಿಗೆ ಆ ಭಯ ಬರುವುದು ಸಹಜ. ಮಗುವಿಗೆ ಹೊಡೆತದಿಂದ ಅಥವಾ ಲೈಂಗಿಕ ದೌರ್ಜನ್ಯದಿಂದ ಗಂಭೀರ ಹಾನಿ ಆಗುತ್ತಿದೆ ಅನ್ನಲು ಕಾರಣ ಕಂಡರೆ ಇಲ್ಲಿನ ನರ್ಸ್, ಡಾಕ್ಟರ್, ಟೀಚರ್ ಅದನ್ನು ತಿಳಿಸಲೇಬೇಕು. ಅದೂ ಕಾನೂನು. ಆದರೆ ಕೈಯಲ್ಲಿ ಅನ್ನ ಕಲಸಿ ಉಣಿಸಿದ್ದಕ್ಕೆ, ಪಕ್ಕದಲ್ಲಿ ಮಲಗಿಸಿಕೊಂಡಿದ್ದಕ್ಕೆ ಯಾರೂ ಮಗುವನ್ನು ಕಿತ್ತುಕೊಳ್ಳುವುದಿಲ್ಲ. ನಿನಗೆ ಕೇಳಲು ನಾಚಿಕೆ ಅನ್ನಿಸುವ ಪ್ರಶ್ನೆಗಳನ್ನು ಅವರು ದಿನಾ ಕೇಳುತ್ತಿರುತ್ತಾರೆ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಿಮ್ಮ ವೀಸಾಗೆ ಚೈಲ್ಡ್‌ಕೇರ್ ಸಬ್ಸಿಡಿ ಬರುವುದಿಲ್ಲ. ಪೂರ್ತಿ ಫೀಸ್ ಕಟ್ಟಬೇಕು, ಅದು ದುಬಾರಿ. ಎನ್‌ಡಿಐಎಸ್ ಅನ್ನುವ ಅಂಗವಿಕಲರ ನೆರವು ಯೋಜನೆಯ ಹಣವೂ ಪಿಆರ್ ಆಗುವವರೆಗೆ ಇಲ್ಲ. ಆದರೆ ಆರು ವರ್ಷದೊಳಗಿನ ಮಕ್ಕಳ ಬೆಳವಣಿಗೆಯ ಬಗ್ಗೆ ಸಲಹೆ ಕೊಟ್ಟು, ಸರಿಯಾದ ಜಾಗಕ್ಕೆ ದಾರಿ ತೋರಿಸುವ ಒಂದು ಭಾಗ ಆ ಯೋಜನೆಯಲ್ಲಿದೆ. ಅದರ ಬಗ್ಗೆ ನರ್ಸ್ ಹತ್ತಿರ ಕೇಳು. ಈ ವ್ಯವಸ್ಥೆ ಬದಲಾಗುತ್ತಿದೆ, ಚಿಕ್ಕ ಮಕ್ಕಳಿಗೆ ‘ಥ್ರೈವಿಂಗ್ ಕಿಡ್ಸ್’ ಎಂಬ ಹೊಸ ಯೋಜನೆಯನ್ನು ಸರ್ಕಾರ 2025ರಲ್ಲಿ ಘೋಷಿಸಿದೆ. ಹಾಗಾಗಿ ಹಳಬರು ಹೇಳಿದ್ದನ್ನೇ ನಂಬದೆ ಹೊಸದಾಗಿ ವಿಚಾರಿಸು. ಸ್ಪೀಚ್ ಥೆರಪಿಗೆ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳಲ್ಲಿ ಖಾಸಗಿಗಿಂತ ಕಡಿಮೆ ಫೀಸ್ ಇರುತ್ತದೆ, ಆದರೆ ಸರದಿ ತುಂಬಾ ಉದ್ದ. ಅದಕ್ಕೇ ನರ್ಸ್ ಬೇಕು ಅಂದ ದಿನವೇ ಹೆಸರು ಬರೆಸಿಬಿಡು. ಅಷ್ಟರಲ್ಲಿ ಮಾತು ಬಂದರೆ ಹೆಸರು ತೆಗೆಸುವುದು ಒಂದು ಫೋನಿನ ಕೆಲಸ. ಮೂರು ವರ್ಷಕ್ಕೆ ಕಿಂಡರ್ ಇದೆ. 2023ರಿಂದ ಅದು ಇಲ್ಲಿ ಉಚಿತ, ಅದಕ್ಕೂ ಕೌನ್ಸಿಲ್‌ನಲ್ಲಿ ಮುಂಚೆಯೇ ವಿಚಾರಿಸಿಟ್ಟುಕೋ.

ಕೊನೆಗೆ ನಿನ್ನ ವಿಷಯ. ನೀನು ಅದನ್ನು ಬರೆದಿಲ್ಲ, ಆದರೂ ಕೇಳುತ್ತಿದ್ದೇನೆ. ಗಂಡ ಬೆಳಿಗ್ಗೆ ರೈಲು ಹತ್ತಿದರೆ ಬರುವುದು ಸಂಜೆ. ಊರಲ್ಲಾದರೆ ಅತ್ತೆ, ಅಮ್ಮ, ಪಕ್ಕದ ಮನೆಯವರು, ಯಾರಾದರೂ ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳುತ್ತಿದ್ದರು. ಇಲ್ಲಿ ದಿನವಿಡೀ ನೀನು, ಮಗು, ನಾಲ್ಕು ಗೋಡೆ. ನರ್ಸ್ ನಿನ್ನ ನಿದ್ದೆ, ಮನಸ್ಸು, ಮನೆಯ ಪರಿಸ್ಥಿತಿ ಎಲ್ಲ ಕೇಳಬಹುದು. ‘ಫೈನ್’ ಅಂತ ಹೇಳಿ ಮುಗಿಸಬೇಡ, ಇದ್ದದ್ದು ಇದ್ದ ಹಾಗೆ ಹೇಳು. ತಾಯಿಯನ್ನು ನೋಡಿಕೊಳ್ಳುವುದೂ ಅವರ ಕೆಲಸವೇ. ರಾತ್ರಿ ಮಗುವಿಗೆ ಏನೋ ಆಗಿ ನಿನಗೆ ಏನು ಮಾಡಬೇಕು ಅಂತ ತೋಚದಿದ್ದರೆ 13 22 29ಕ್ಕೆ ಫೋನ್ ಮಾಡು. ಇದೇ ನರ್ಸ್‌ಗಳ ಸಹಾಯವಾಣಿ, 24 ಗಂಟೆಯೂ ಇರುತ್ತದೆ. ಇಂಗ್ಲಿಷ್‌ನಲ್ಲಿ ಕಷ್ಟ ಅನ್ನಿಸಿದರೆ 131 450ಕ್ಕೆ ಮಾಡಿ ದುಭಾಷಿ ಮೂಲಕ ಮಾತಾಡಬಹುದು. ತುರ್ತಾದರೆ ಮಾತ್ರ 000.

ವಾರಕ್ಕೊಂದು ದಿನ ಲೈಬ್ರರಿಯ ಕತೆ ಹೇಳುವ ಕಾರ್ಯಕ್ರಮಕ್ಕೆ ಹೋಗು, ಅದಕ್ಕೆ ದುಡ್ಡಿಲ್ಲ. ಹತ್ತಿರ ಯಾವ ಪ್ಲೇಗ್ರೂಪ್ ಇದೆ ಅಂತ ನರ್ಸ್‌ನನ್ನೇ ಕೇಳು. ಮಗ ಬೇರೆ ಮಕ್ಕಳ ಜೊತೆ ಬೆರೆಯುತ್ತಾನೆ, ನಿನಗೂ ಮಾತಿಗೆ ಜನ ಸಿಗುತ್ತಾರೆ. ಟಾರ್ನೀಟ್ ಕಡೆ ಕನ್ನಡದವರು ಸಿಗುವುದು ಕಷ್ಟವೇನಲ್ಲ. ಮೊದಲ ಸಲ ಒಬ್ಬಳೇ ಹೋಗಲು ಹಿಂಜರಿಕೆ ಆದರೆ ಹೇಳು, ನಾನೇ ಜೊತೆಗೆ ಬರುತ್ತೇನೆ.