ಹೊಳೆ ಹತ್ತುವ ಮೀನಿಗೆ ದಾರಿ ಬಿಡಿ

ಈ ಸಲ ಬಂದ ಪತ್ರಗಳಲ್ಲಿ ಮೂರು ಹೊಳೆಮೀನಿನ ಬಗ್ಗೆ ಇವೆ. ಮೀನುಮರಿ ಕೇಂದ್ರದಲ್ಲಿ ದುಡಿದು ನಿವೃತ್ತಳಾಗಿ ಹರಿಹರದಲ್ಲಿ ನೆಲೆಸಿರುವ ನನಗೆ ಇದು ತುಂಬಾ ಹತ್ತಿರದ ವಿಷಯ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಪ್ರಶ್ನೆ: ನಮ್ಮ ತಾತ ಹೊಳೆಯಲ್ಲಿ ತೋಳುಗಾತ್ರದ ಹಾವುಮೀನು ಹಿಡಿಯುತ್ತಿದ್ದರಂತೆ. ಈಗ ಸಿಗುವುದು ಸಣ್ಣವು. ಮರಿ ತಂದು ಬಿಟ್ಟರೆ ಮತ್ತೆ ಆಗುತ್ತವೆಯೇ? – ಮೀನುಗಾರರೊಬ್ಬರು, ಹೊನ್ನಾಳಿ

ಅಣ್ಣಾ, ಮೊದಲು ಬಲೆಗೆ ಬಿದ್ದಿದ್ದು ಯಾವ ಹಾವುಮೀನು ಅಂತ ನೋಡಿ. ಬೆನ್ನ ಮೇಲೆ ಬಾಲದಿಂದ ತಲೆಯ ಕಡೆಗೆ ಮೆಲ್ಲಗೆ ಬೆರಳಾಡಿಸಿ. ಬಿಡಿಬಿಡಿ ಮುಳ್ಳು ಚುಚ್ಚಿದರೆ, ಮೂತಿ ಚೂಪಾಗಿದ್ದರೆ, ಅದು ಮುಳ್ಳಿನ ಜಾತಿ. ಹುಟ್ಟುವುದೂ ಸಾಯುವುದೂ ಹೊಳೆಯಲ್ಲೇ. ಮುಳ್ಳಿಲ್ಲದೆ ಮೈ ಜಾರುತ್ತಿದ್ದರೆ, ಹಳದಿಗಂದು ಮೈಮೇಲೆ ಮಚ್ಚೆಗಳಿದ್ದರೆ, ಬೆನ್ನಿನ ರೆಕ್ಕೆ ಬಾಲವನ್ನು ಬಳಸಿಕೊಂಡು ಹೊಟ್ಟೆಯ ತನಕ ಒಂದೇ ಅಂಚಾಗಿ ಬಂದಿದ್ದರೆ, ಕಿವಿರಿನ ಹಿಂದೆ ಎರಡು ಪುಟ್ಟ ರೆಕ್ಕೆ ಇದ್ದರೆ, ಅದು ಸಮುದ್ರದಿಂದ ಬಂದದ್ದು. ನಿಮ್ಮ ತಾತ ಹೇಳಿದ್ದು ಇದನ್ನೇ ಇರಬೇಕು.

ಇದು ಹುಟ್ಟುವುದು ಸಮುದ್ರದಲ್ಲಿ. ಮೊದಲು ಎಲೆಯ ಹಾಗೆ ಚಪ್ಪಟೆ, ಆಮೇಲೆ ಗಾಜಿನಂತೆ ಆಚೆಬದಿ ಕಾಣುವ ಎಳೆಮರಿ. ಅಷ್ಟು ಚಿಕ್ಕದು ನದಿಯ ಬಾಯಿಗೆ ಬಂದು ನೀರಿಗೆದುರಾಗಿ ಹೊರಡುತ್ತದೆ. ಹೊಳೆಯಲ್ಲಿ ವರ್ಷಗಟ್ಟಲೆ ಬೆಳೆಯುತ್ತದೆ. ಬಲಿತ ಮೇಲೆ ಮೈ ಬೆಳ್ಳಿಯಾಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ಮೇವು ಬಿಡುತ್ತದೆ. ನೀರು ಏರಿದ ಕತ್ತಲ ರಾತ್ರಿಗಳಲ್ಲಿ ಮತ್ತೆ ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿ ಒಂದೇ ಸಲ ತತ್ತಿ ಇಟ್ಟು ಸಾಯುತ್ತದೆ.

ಈಗ ದಾರಿ ನೋಡಿ. ಬಂಗಾಳ ಕೊಲ್ಲಿಯಿಂದ ಹೊರಟ ಮರಿ ಹೊನ್ನಾಳಿಗೆ ಬರಬೇಕಾದರೆ ವಿಜಯವಾಡದ ಪ್ರಕಾಶಂ ಬ್ಯಾರೇಜ್, ನಾಗಾರ್ಜುನಸಾಗರ, 145 ಮೀಟರ್ ಎತ್ತರದ ಶ್ರೀಶೈಲ, ಸುಂಕೇಸುಲ, ರಾಜೋಳಿಬಂಡಾ, ಆಮೇಲೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆ, ಎಲ್ಲ ದಾಟಬೇಕು. ಎಳೆಮರಿ ಒದ್ದೆ ಕಲ್ಲಿನ ಗೋಡೆ ಹತ್ತಬಲ್ಲದು, ನಿಜ. ಹಳೇ ಕಾಲದ ಗಿಡ್ಡ ಒಡ್ಡು ಅದಕ್ಕೆ ಕಷ್ಟವೇ ಅಲ್ಲ. ಶ್ರೀಶೈಲ ಹತ್ತೋದು ಎಲ್ಲಿಂದ?

ಇನ್ನು ಮರಿಯ ವಿಷಯ. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಹಾರ್ಮೋನ್ ಚುಚ್ಚಿ ಗೆಂಡೆ ಜಾತಿಯ ಮೀನಿಗೆ ತತ್ತಿ ಇಡಿಸಿದರು. ಇವತ್ತು ಕೆರೆಗೆ ಬಿಡುವ ಕಾಟ್ಲಾ, ರೋಹು ಮರಿ ಆ ವಿದ್ಯೆಯ ಫಲ. ಅದೇ ಕೆಲಸವನ್ನು ನಾನೂ ಕೈಯಾರೆ ಮಾಡಿದ್ದೇನೆ. ಹಾವುಮೀನು ಹಾಗೆ ಬಗ್ಗುವುದಿಲ್ಲ. ಜಪಾನಿನವರು 2010ರಲ್ಲಿ ಲ್ಯಾಬಿನಲ್ಲಿ ಹುಟ್ಟಿಸಿದ ಹಾವುಮೀನಿನಿಂದ ಮುಂದಿನ ಪೀಳಿಗೆಯನ್ನೂ ಪಡೆದರು. ಆದರೂ ಅಲ್ಲಿನ ಸಾಕಣೆ ಇವತ್ತಿಗೂ ಹೊಳೆಬಾಯಲ್ಲಿ ಹಿಡಿದ ಮರಿಯನ್ನೇ ನಂಬಿದೆ.

ನೀವು ಎಲ್ಲಿಂದಲೋ ಮರಿ ತಂದು ಹೊನ್ನಾಳಿಯಲ್ಲಿ ಬಿಟ್ಟಿರಿ ಅನ್ನಿ. ಬೆಳೆಯುತ್ತವೆ. ಬಲಿತು ಸಮುದ್ರಕ್ಕೆ ಇಳಿಯುವಾಗ ವಿದ್ಯುತ್ ಟರ್ಬೈನಿಗೆ ಸಿಗುತ್ತವೆ. ಉದ್ದ ಮೈಯ ಮೀನಿಗೆ ಟರ್ಬೈನಿನ ಏಟು ಜಾಸ್ತಿ. ಹತ್ತುವ ದಾರಿ, ಇಳಿಯುವ ದಾರಿ ಎರಡೂ ಇಲ್ಲದೆ ಮರಿ ಬಿಡುವುದನ್ನು ಮೀನನ್ನು ವಾಪಸ್ ತಂದಂತೆ ಅಂತ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಮೀನಿಗೋಸ್ಕರ ಅಮೆರಿಕದಲ್ಲಿ ಅಣೆಕಟ್ಟೆ ಒಡೆದರಂತೆ. ನಮ್ಮಲ್ಲಿ ಯಾಕಾಗಲ್ಲ? – ಪದವಿ ವಿದ್ಯಾರ್ಥಿ, ದಾವಣಗೆರೆ

ಒಡೆದದ್ದು ನಿಜ ತಮ್ಮಾ. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿ 1913 ಮತ್ತು 1927ರ ಎರಡು ಅಣೆಕಟ್ಟೆಗಳಿದ್ದವು. ಮೀನು ಹತ್ತಿ ಕಟ್ಟೆ ದಾಟಲು ನೀರು ಹರಿಯುವ ಮೆಟ್ಟಿಲೇ ಅಲ್ಲಿ ಕಟ್ಟಿರಲಿಲ್ಲ. 2011ರಿಂದ 2014ರ ಒಳಗೆ ಎರಡನ್ನೂ ತೆಗೆದರು. ಸಾಲ್ಮನ್ ಮೀನು ಮೇಲ್ಭಾಗಕ್ಕೆ ಹತ್ತಿತು. ತಡೆದು ನಿಂತಿದ್ದ ಹೂಳು ಇಳಿದು ನದಿಯ ಬಾಯಲ್ಲಿ ಹೊಸ ಮರಳ ದಂಡೆಯೇ ಬೆಳೆಯಿತು. ಒರೆಗಾನ್, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಹರಿಯುವ ಕ್ಲಾಮತ್ ನದಿಯಲ್ಲಿ ನಾಲ್ಕು ಅಣೆಕಟ್ಟೆ ತೆಗೆಯುವ ಕೆಲಸ 2024ರಲ್ಲಿ ಮುಗಿಯಿತು. ಅದೇ ಅಕ್ಟೋಬರಿನಲ್ಲಿ ಸಾಲ್ಮನ್ ಆ ಜಾಗ ದಾಟಿ ಮೇಲಿನ ಒರೆಗಾನ್ ಸೇರಿತು. ಇದಕ್ಕೆ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು ದಶಕಗಟ್ಟಲೆ ಹೋರಾಡಿದ್ದರು.

ಅವೆಲ್ಲ ಕರೆಂಟಿನ ಹಳೇ ಕಟ್ಟೆಗಳು. ತುಂಗಭದ್ರಾ ಅಣೆಕಟ್ಟೆಯ ನೀರಲ್ಲಿ ಲಕ್ಷಾಂತರ ಎಕರೆ ಬೆಳೆ ನಿಂತಿದೆ. ಅದನ್ನು ಒಡೆಯಿರಿ ಅಂತ ನಾನು ಹೇಳುವುದಿಲ್ಲ. ಹಾಗಂತ ಅಲ್ಲಿ ಬೇರೆ ಕಟ್ಟೆಗಳಿಗೆ ಕಟ್ಟಿರುವ ಮೀನಿನ ಮೆಟ್ಟಿಲನ್ನು ಸುಮ್ನೆ ನಕಲು ಮಾಡಿದರೂ ಉಪಯೋಗವಿಲ್ಲ. ಸಾಲ್ಮನ್ ಜಿಗಿಯುತ್ತದೆ, ತತ್ತಿ ಇಡಲು ಸಮುದ್ರದಿಂದ ನದಿಗೆ ಹತ್ತುವ ನಮ್ಮ ಹಿಲ್ಸಾ ಮೀನು ಜಿಗಿಯುವುದಿಲ್ಲ. 1975ರಲ್ಲಿ ಫರಕ್ಕಾ ಬ್ಯಾರೇಜ್ ಬರುವ ತನಕ ಹಿಲ್ಸಾ ಗಂಗೆಯಲ್ಲಿ ಅಲಹಾಬಾದ್ ದಾಟಿ ಹೋಗುತ್ತಿತ್ತು. ಆಮೇಲೆ ಮೇಲಿನ ಊರುಗಳಲ್ಲಿ ಕಾಣುವುದೇ ಅಪರೂಪವಾಯಿತು. ಈಗ ಬ್ಯಾರಕ್‌ಪುರದ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹಿಲ್ಸಾವನ್ನು ಫರಕ್ಕಾದ ಮೇಲ್ಭಾಗಕ್ಕೆ ಒಯ್ದು ಬಿಡುತ್ತಿದ್ದಾರೆ.

ನಮ್ಮ ಜಿಲ್ಲೆಯಲ್ಲಿ ಮಾಡಬಹುದಾದ್ದು ಹಳ್ಳದ ಮೇಲಿದೆ. ಮುಂಗಾರಿನ ಹೊಸ ನೀರಿಗೆ ಗೆಂಡೆ, ಬಾಳೆಮೀನು ಹೊಳೆಯಿಂದ ಹಳ್ಳಕ್ಕೆ, ಗದ್ದೆಗೆ ಹತ್ತುತ್ತವೆ. ಮಲೆನಾಡಿನವರು ಹತ್ತುಮೀನು ಅನ್ನುತ್ತಾರಲ್ವಾ, ಅದೇ. ಚೆಕ್‌ಡ್ಯಾಮಿನ ಕೆಳಗೆ ನೀರು ನೇರ ಧುಮುಕಿದರೆ ಅವು ಅಲ್ಲೇ ಗುಂಪುಗೂಡುತ್ತವೆ. ಜನ ತತ್ತಿ ತುಂಬಿದ ಮೀನನ್ನು ಬುಟ್ಟಿಗಟ್ಟಲೆ ಬಾಚುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಕಟ್ಟೆಯ ಕೆಳಬದಿಗೆ ದಪ್ಪ ಕಲ್ಲು ಹಾಸಿ, ನಡುನಡುವೆ ನೀರು ನಿಲ್ಲುವ ಗುಂಡಿ ಬಿಟ್ಟು ಇಳಿಜಾರು ಮಾಡಿದರೆ ಮೀನು ತಂಗುತ್ತಾ ಹತ್ತುತ್ತದೆ. ಹೊಸ ಚೆಕ್‌ಡ್ಯಾಮಿನ ಅಂದಾಜು ಪಟ್ಟಿ ಮಾಡುವಾಗಲೇ ಇದನ್ನು ಸೇರಿಸಿ ಅಂತ ನಿಮ್ಮ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ. ನಾನೂ ಸಹಿ ಹಾಕುತ್ತೇನೆ.

ಪ್ರಶ್ನೆ: 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಕೆಳಗೆ ಹೋದ ಮೀನು ವಾಪಸ್ ಬರುತ್ತವೆಯೇ? – ಗೃಹಿಣಿ, ಹಿರಿಯೂರು

ಇಲ್ಲಮ್ಮಾ. ಕಟ್ಟೆ ಹತ್ತಿ ಬರಲಾರವು. ಕೆಳಗಿನ ಗುಂಡಿಗಳಲ್ಲಿ ನೀರಿದ್ದಷ್ಟು ದಿನ ಬದುಕುತ್ತವೆ. ಮಾರಿಕಣಿವೆಯಿಂದ ಇಳಿಯುವ ವೇದಾವತಿ ಮುಂದೆ ಹಗರಿಯಾಗಿ ಹೊಸಪೇಟೆ ಅಣೆಕಟ್ಟೆಯ ಕೆಳಗೆ ತುಂಗಭದ್ರೆ ಸೇರುತ್ತದೆ. ಹಾಗಾಗಿ ಸಮುದ್ರದಿಂದ ಬರುವ ಮೀನಿಗೆ ಆ ದೊಡ್ಡ ಕಟ್ಟೆ ಅಡ್ಡವಿಲ್ಲ. ಆದರೆ ನಡುವೆ ಆಂಧ್ರದ ಭೈರವಾನಿತಿಪ್ಪ ಕಟ್ಟೆ ಇದೆ. ಅದಕ್ಕಿಂತ ಹೆಚ್ಚಾಗಿ, ಬೇಸಿಗೆಯಲ್ಲಿ ಹಗರಿಯಲ್ಲಿ ಈಜಲು ನೀರೇ ಇರುವುದಿಲ್ಲ.