ಜರಡಿಯಲ್ಲಿ ಕಾಳು ಯಾಕೆ ಜಾರುತ್ತಿಲ್ಲ: ವೇಗೋತ್ಕರ್ಷದ ಲೆಕ್ಕ

ಅಣ್ಣಾ, ನಿಮ್ಮ ಉದ್ದಿನ ಜರಡಿಯ ಲೆಕ್ಕ ನೋಡಿದೆ. ಕ್ರ್ಯಾಂಕ್ ಶಾಫ್ಟ್ ನಿಮಿಷಕ್ಕೆ 200 ಸುತ್ತು, ಜರಡಿ ಈ ತುದಿಯಿಂದ ಆ ತುದಿಗೆ 20 ಮಿ.ಮೀ. ಓಡಾಟ, ವೇಗೋತ್ಕರ್ಷ (ವೇಗ ಬದಲಾಗುವ ದರ) 8.8 ಬಂತು, ಆದರೂ ಕಾಳು ಜಾರದೆ ಜರಡಿಯ ಜೊತೆಗೇ ಹೋಗಿಬರುತ್ತಿದೆ ಅಂದಿರಿ. ಒಮೆಗಾದ (ತಿರುಗುವ ವೇಗದ) ವರ್ಗವನ್ನು ಪಾರದಿಂದ ಗುಣಿಸುವ ಸೂತ್ರ ಸರಿಯಿದೆ, ಪಾರ ಅಂತ ಹಾಕಿದ 20 ಸರಿಯಿಲ್ಲ. ಸರಳ ಸಂಗತ ಚಲನೆಯಲ್ಲಿ, ಅಂದರೆ ಹೀಗೆ ಒಂದೇ ಲಯದಲ್ಲಿ ಹಿಂದೆ ಮುಂದೆ ಆಡುವ ಚಲನೆಯಲ್ಲಿ, ಪಾರ ಅಂದರೆ ನಡುವಿನಿಂದ ಒಂದು ತುದಿಗಿರುವ ದೂರ, ಒಟ್ಟು ಓಡಾಟದ ಅರ್ಧ. ನಿಮ್ಮದು 10 ಮಿ.ಮೀ., ಅಂದರೆ 0.01 ಮೀಟರ್.

ಈಗ ಮತ್ತೆ ಲೆಕ್ಕ ಹಾಕಿ. 200ನ್ನು 60ರಿಂದ ಭಾಗಿಸಿ 6.283ರಿಂದ (ಪೈನ ಎರಡರಷ್ಟು) ಗುಣಿಸಿದರೆ ಒಮೆಗಾ 20.94. ಅದರ ವರ್ಗ ಸುಮಾರು 439. ಅದಕ್ಕೆ 0.01 ಗುಣಿಸಿದರೆ 4.39 ಮೀ/ಸೆ². ಇದೂ ತುದಿಯಲ್ಲಷ್ಟೇ ಸಿಗುವುದು. ನಡುವಿನಿಂದ 5 ಮಿ.ಮೀ. ದೂರದಲ್ಲಿ ಇದರ ಅರ್ಧ, ನಡುವೆ ಸೊನ್ನೆ. ಜರಡಿ ಅತಿ ಜೋರಾಗಿ ಓಡುವುದು ನಡುವೆ, ಹಾಗಾಗಿ ವೇಗೋತ್ಕರ್ಷವೂ ಅಲ್ಲೇ ಹೆಚ್ಚು ಅಂತ ಬಹಳ ಜನ ತಿಳಿಯುತ್ತಾರೆ. ಆದರೆ ಕಾಳನ್ನು ಕದಲಿಸುವುದು ಜರಡಿ ದಿಕ್ಕು ತಿರುಗಿಸುವ ಜಾಗ.

ಜರಡಿಯ ವೇಗೋತ್ಕರ್ಷ ಘರ್ಷಣೆಯ ಹಿಡಿತವನ್ನು ಮೀರಿದರಷ್ಟೇ ಕಾಳು ಜಾರುತ್ತದೆ. ಅದಕ್ಕೆ 4.39 ಸಾಕೇ ಅಂತ ನೀವೇ ಪರೀಕ್ಷಿಸಬಹುದು. ಜರಡಿ ಬಿಚ್ಚಿ, ಉದ್ದನ್ನು ಪದರವಾಗಿ ಹರಡಿ (ಒಂಟಿ ಕಾಳು ಉರುಳಿಬಿಡುತ್ತದೆ, ಅದನ್ನು ನಂಬಬೇಡಿ), ಒಂದು ಬದಿ ನಿಧಾನ ಎತ್ತಿ. ಜಾರಲು ಶುರುವಾದಾಗ ಎತ್ತರವನ್ನು ನೆಲದ ಮೇಲಿನ ಅಡ್ಡ ಅಳತೆಯಿಂದ ಭಾಗಿಸಿ, 9.8ರಿಂದ ಗುಣಿಸಿ. ಉದಾಹರಣೆಗೆ 50 ಸೆಂ.ಮೀ.ಗೆ 25 ಸೆಂ.ಮೀ. ಎತ್ತರ ಬೇಕಾಯಿತು ಅನ್ನಿ, ಆಗ 4.9 ದಾಟಬೇಕು. ನಿಮ್ಮ 4.39 ಅಷ್ಟಕ್ಕೆ ಮುಟ್ಟುವುದೇ ಇಲ್ಲ.

ಮೋಟರಿನ 2 ಇಂಚು ಪುಲ್ಲಿ ತೆಗೆದು ಎರಡೂವರೆ ಇಂಚಿನದು ಹಾಕಿ. 250 ಸುತ್ತಾಗುತ್ತದೆ. ವೇಗ ಕಾಲುಭಾಗ ಹೆಚ್ಚಿದರೂ ವೇಗೋತ್ಕರ್ಷ ಅದರ ವರ್ಗದಂತೆ ಏರಿ 6.85 ಆಗುತ್ತದೆ. ಇನ್ನೂ ಜೋರು ಮಾಡುವ ಆಸೆಗೆ ಬೀಳಬೇಡಿ. ಜರಡಿ, ಕಾಳು ಸೇರಿ 12 ಕೆ.ಜಿ. ಅಂದಿರಿ, 250ರಲ್ಲಿ ಕ್ರ್ಯಾಂಕ್ ಪಿನ್ ಮೇಲೆ ಸುಮಾರು 82 ನ್ಯೂಟನ್ ಬಲ, 400ಕ್ಕೆ ಏರಿಸಿದರೆ 210. ಬೇರಿಂಗು, ಮರದ ಚೌಕಟ್ಟು ಎರಡೂ ಸೋಲುತ್ತವೆ. ಮಟ್ಟಸವಾಗಿಟ್ಟ ಜರಡಿಯಲ್ಲಿ ಕಾಳು ಜಾರಿದರೂ ಹಿಂದೆ ಮುಂದೆ ಆಡುತ್ತದಷ್ಟೇ, ಆದ್ದರಿಂದ ಮೂರ್ನಾಲ್ಕು ಡಿಗ್ರಿ ಇಳಿಜಾರು ಕೊಡಿ.

ಕ್ರ್ಯಾಂಕನ್ನು ಜರಡಿಗೆ ಜೋಡಿಸುವ ನಿಮ್ಮ ಕನೆಕ್ಟಿಂಗ್ ರಾಡ್ 300 ಮಿ.ಮೀ. ಇರುವುದರಿಂದ ವೇಗೋತ್ಕರ್ಷ ಒಂದು ತುದಿಯಲ್ಲಿ ನೂರಕ್ಕೆ ಮೂರರಷ್ಟು ಹೆಚ್ಚು, ಇನ್ನೊಂದರಲ್ಲಿ ಅಷ್ಟೇ ಕಡಿಮೆ ಬರುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಫೋನಿನ ಸೆನ್ಸರ್‌ಗಳಿಂದ ಅಳತೆ ಮಾಡುವ ಫೈಫಾಕ್ಸ್ (phyphox) ಆ್ಯಪ್ ಹಾಕಿ, ಫೋನನ್ನು ಜರಡಿಗೆ ಬಿಗಿಯಾಗಿ ಕಟ್ಟಿ, ಗುರುತ್ವ ಬಿಟ್ಟ ವೇಗೋತ್ಕರ್ಷ ಅಳೆಯಿರಿ. ತುದಿಗಳಲ್ಲಿ 7ರ ಆಸುಪಾಸು ನಯವಾದ ಅಲೆ ಕಾಣಬೇಕು. ನಡುನಡುವೆ ಚೂಪಾದ ಮುಳ್ಳುಗಳು ಎದ್ದರೆ ಪಿನ್ ಇಲ್ಲವೇ ಬುಶ್ ಸಡಿಲವಾಗಿರಬಹುದು, ಮೊದಲು ಅದನ್ನು ನೋಡಿ.